ಆ ಮೆಟ್ಟಿಲಿನ ಚಿತ್ರ ಸರಿಯಿಲ್ಲ

ಸಂಪಾದಕರೇ, ನಮಸ್ಕಾರ.

ಮಾನವ ಸಮಾಜಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಗುಂಪು, ಬುಡಕಟ್ಟು, ನಾಯಕನ ಆಳ್ವಿಕೆ, ರಾಜ್ಯ ಅಂತ ನಾಲ್ಕು ಮೆಟ್ಟಿಲು ಬರೆದು, ಕೆಳಗಿನ ಮೆಟ್ಟಿಲಿನವರನ್ನು ‘ಇನ್ನೂ ಮುಂದುವರಿಯದವರು’ ಅಂದಿದ್ದೀರಿ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಈ ವಿಂಗಡಣೆ ಅಮೆರಿಕದ ಮಾನವಶಾಸ್ತ್ರಜ್ಞ ಎಲ್ಮನ್ ಸರ್ವಿಸ್ 1962ರಲ್ಲಿ ಮುಂದಿಟ್ಟದ್ದು. ಪಾಠ ಹೇಳುವುದಕ್ಕೆ ಸುಲಭ, ನಿಜ. ಆದರೆ ಸಣ್ಣದಾಗಿ ಬದುಕುವವರಿಗೆ ಬುದ್ಧಿ ಸಾಲದು ಅನ್ನುವ ಅರ್ಥ ಅದರ ಜೊತೆ ಸದ್ದಿಲ್ಲದೆ ಬಂದುಬಿಡುತ್ತದೆ.

ಜನ ಜಾಸ್ತಿಯಾದರೆ ಏನಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 20 ಜನರಲ್ಲಿ ಇಬ್ಬಿಬ್ಬರ ಜೋಡಿ 190. ಅದೇ 200 ಜನರಾದರೆ 19,900! ಜನ ಹತ್ತು ಪಟ್ಟು, ಜಗಳಕ್ಕೆ ದಾರಿ ನೂರು ಪಟ್ಟಿಗೂ ಜಾಸ್ತಿ. ತಾಂಜಾನಿಯಾದ ಹಡ್ಜಾ ಬೇಟೆಗಾರರು ಸಾಮಾನ್ಯವಾಗಿ 20-30 ಜನ ಒಟ್ಟಿಗೆ ಬೀಡುಬಿಡುತ್ತಾರೆ, ಮನಸ್ತಾಪ ಬಂದರೆ ಇದ್ದ ನಾಲ್ಕು ಸಾಮಾನು ಎತ್ತಿಕೊಂಡು ಇನ್ನೊಂದು ಬೀಡಿಗೆ ಹೋಗುತ್ತಾರೆ. ಹೊಲ, ಗೋಡೆ, ಕಣಜ ಇರುವವರು ಹಾಗೆ ಎದ್ದು ಹೋಗುವುದಕ್ಕೆ ಆಗಲ್ಲ ಅಲ್ವಾ? ಅವರಿಗೆ ನ್ಯಾಯ ಹೇಳುವ ಮೂರನೆಯವನು ಬೇಕೇ ಬೇಕು.

ಇನ್ನು ಸಣ್ಣ ಗುಂಪಿನಲ್ಲಿ ಸಮಾನತೆ ಸುಮ್ನೆ ತಾನಾಗಿ ಇರುತ್ತದೆ ಅಂತಲೂ ನಿಮ್ಮ ಲೇಖಕರು ಬರೆದಿದ್ದಾರೆ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಬೇಟೆಯಾಡಿ ಬದುಕುತ್ತಿದ್ದ ಜುಹೋನ್ಸಿ ಜನರ ಹಳೆಯ ಪದ್ಧತಿ ನೋಡಿ. ಒಬ್ಬ ದೊಡ್ಡ ಪ್ರಾಣಿ ಹೊಡೆದ ಅಂದುಕೊಳ್ಳಿ. ಅವನು ಬೀಡಿಗೆ ಬಂದು ಬೀಗುವ ಹಾಗಿಲ್ಲ. ಸುಮ್ಮನೆ ಕೂತು, ಯಾರಾದರೂ ಕೇಳಿದರೆ ‘ಏನೋ ಸಣ್ಣದು ಸಿಕ್ಕಿತು’ ಅನ್ನಬೇಕು. ಮರುದಿನ ಮಾಂಸ ಹೊರುವುದಕ್ಕೆ ಹೋದವರು ‘ಈ ಮೂಳೆಗಂಟಿಗಾ ನಮ್ಮನ್ನು ಇಷ್ಟು ದೂರ ನಡೆಸಿದ್ದು?’ ಅಂತ ಮುಖದ ಮೇಲೇ ಹೇಳುತ್ತಾರೆ. ಮಾಂಸ ಹಂಚುವ ಹಕ್ಕು ಹೊಡೆದವನದ್ದಲ್ಲ, ಬಾಣ ಯಾರದ್ದೋ ಅವರದ್ದು, ಮತ್ತು ಬಾಣಗಳನ್ನು ಅವರು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುತ್ತಲೇ ಇರುವುದರಿಂದ ಆ ಬಾಣ ಬೇಟೆಗೆ ಹೋಗದ ಮುದುಕನದ್ದೋ ಹೆಂಗಸಿನದ್ದೋ ಆಗಿರಬಹುದು. ಚೆನ್ನಾಗಿ ಬೇಟೆಯಾಡುವ ಹುಡುಗ ನಾಳೆ ತಾನೇ ದೊಡ್ಡವನು ಅಂದುಕೊಂಡಾನು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ಎಚ್ಚರ.

ದೊಡ್ಡ ಜನಸಂಖ್ಯೆ ಅಂದರೆ ರಾಜ ಇರಲೇಬೇಕು ಅಂತಲೂ ಇಲ್ಲ. ದಕ್ಷಿಣ ಸುಡಾನಿನ ನ್ಯೂಯರ್ ದನಗಾಹಿಗಳು ಲಕ್ಷಗಟ್ಟಲೆ ಇದ್ದರೂ ಅವರನ್ನೆಲ್ಲ ಆಳುವ ರಾಜ ಇರಲಿಲ್ಲ. ಕೊಲೆ ಮಾಡಿದವನು ಚಿರತೆಚರ್ಮ ಹೊದೆಯುವ ಪೂಜಾರಿಯ ಮನೆಗೆ ಓಡಿ ಸೇರಿಕೊಳ್ಳುತ್ತಿದ್ದ. ಅಲ್ಲಿ ಅವನನ್ನು ಮುಟ್ಟುವಂತಿಲ್ಲ. ಪೂಜಾರಿ ಎರಡೂ ಕಡೆ ಓಡಾಡಿ, ಸತ್ತವನ ಮನೆಗೆ ಎಷ್ಟು ದನ ಕೊಡಬೇಕು ಅಂತ ಮಾತಾಡಿ ಮುಗಿಸುತ್ತಿದ್ದ. ಅಪ್ಪಣೆ ಮಾಡುವ ಅಧಿಕಾರ ಅವನಿಗೆ ಇರಲಿಲ್ಲ.

ಉತ್ತರ ಅಮೆರಿಕದ ಶೈಯೆನ್ ಜನರನ್ನು ನಿಮ್ಮ ಚಿತ್ರದಲ್ಲಿ ಎಲ್ಲಿ ಕೂರಿಸುತ್ತೀರಿ? ಚಳಿಗಾಲದಲ್ಲಿ ಸಣ್ಣ ಸಣ್ಣ ಗುಂಪಾಗಿ ಚದುರುತ್ತಿದ್ದರು. ಬೇಸಿಗೆಯ ಕಾಡೆಮ್ಮೆ ಬೇಟೆಗೆ ಎಲ್ಲರೂ ಒಂದೇ ಕಡೆ ಸೇರಿದಾಗ, ಒಬ್ಬನೇ ಮುನ್ನುಗ್ಗಿ ಹಿಂಡನ್ನು ಚದುರಿಸಿದವನಿಗೆ ಕಾವಲಿನವರು ಚಾಟಿಯಲ್ಲಿ ಹೊಡೆದು ಆಯುಧ ಮುರಿಯುತ್ತಿದ್ದರು. ಒಂದೇ ವರ್ಷದಲ್ಲಿ ಎರಡು ಮೆಟ್ಟಿಲು!

ಸಣ್ಣ ಗುಂಪಿನ ಬದುಕು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಹಡ್ಜಾಗಳಲ್ಲಿ ಎಳೆ ಮಕ್ಕಳ ಸಾವು ಜಾಸ್ತಿ, ಅದು ಸಣ್ಣ ನೋವಲ್ಲ. ಆದರೆ ನಿಮ್ಮ ಪತ್ರಿಕೆಯನ್ನು ಮಕ್ಕಳೂ ಓದುತ್ತಾರೆ. ಮುಂದಿನ ಸಲ ಈ ವಿಷಯ ಬರೆದಾಗ ಆ ನಾಲ್ಕನ್ನೂ ಒಂದೇ ಸಾಲಿನಲ್ಲಿ, ಅಕ್ಕಪಕ್ಕ ಹಾಕಿ. ‘ಮುಂದುವರಿಯದವರು’ ಅನ್ನುವ ಮಾತನ್ನು ದಯವಿಟ್ಟು ತೆಗೆಯಿರಿ.

ಇಂತಿ,
ನಿಮ್ಮ ಓದುಗ