ತಡವಾಯ್ತಾ ಅಂತ ಕೇಳಿದವರಿಗೆ

ನಲವತ್ತೆಂಟರ ಯುವ ಬರಹಗಾರರೇ,

ನಿಮ್ಮ ಕಥೆ ಬಂತು, ಕಾಗದಾನೂ ಓದಿದೆ. ಕೆಲಸ ಬಿಡ್ಲೋ ಬೇಡ್ವೋ, ಪಬ್ಲಿಷರ್ ಸಿಗ್ತಾರೋ ಇಲ್ವೋ, ದಿನಕ್ಕೆ ಎಷ್ಟು ಪೇಜ್ ಬರೀಬೇಕು, ಇದನ್ನೆಲ್ಲ ನನ್ನ ಕೇಳ್ಬೇಡಿ, ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ವಯಸ್ಸಾಯ್ತು ಅನ್ನೋ ಗೋಳಂತೂ ಬಿಟ್ಟೇಬಿಡಿ. ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಆಯಿಲ್ ಕಂಪನೀಲಿ ದೊಡ್ಡ ಹುದ್ದೇಲಿದ್ದು, ಕುಡಿತದಿಂದ 1932ರಲ್ಲಿ ಕೆಲಸ ಕಳ್ಕೊಂಡ, 1933ರಲ್ಲಿ ಮೊದಲ ಪತ್ತೇದಾರಿ ಕಥೆ ಅಚ್ಚಾದಾಗ ವಯಸ್ಸು 45, ಮೊದಲ ಕಾದಂಬರಿ ಬಂದಿದ್ದು 1939ರಲ್ಲಿ. ಇದು ಎಲ್ರೂ ಹೇಳೋದೇ. ನಂಗೆ ಹಿಡಿಸೋದು ಬೇರೆ. ಆ ವಯಸ್ಸಲ್ಲಿ ಆತ ಇನ್ನೊಬ್ಬರ ಕಥೆಯ ಸಾರಾಂಶ ಬರ್ಕೊಂಡು, ಅದನ್ನಿಟ್ಕೊಂಡು ಕಥೆ ತಾನೇ ಮತ್ತೆ ಬರೆದು, ಮೂಲದ ಪಕ್ಕ ಇಟ್ಟು ಎಲ್ಲಿ ಸೋತೆ ಅಂತ ನೋಡ್ತಿದ್ದ. ಆಫೀಸ್ ನಡೆಸಿದ್ದವನು!

ನಿಮ್ಮ ಕಥೆಗೆ ಬರ್ತೀನಿ. ಮ್ಯಾನೇಜರ್ ತನ್ನ ಹಳೇ ಸಹೋದ್ಯೋಗೀನ ಕೆಲಸದಿಂದ ತೆಗೀತಾನೆ, ಅವನು ಐಡಿ ಕಾರ್ಡ್ ತೆಗೆಯುವಾಗ ದಾರ ಕಾಲರಿಗೆ ಸಿಕ್ಕಾಕೊಳ್ಳುತ್ತೆ, ಬಿಡಿಸೋಕೆ ಅಂತ ಮ್ಯಾನೇಜರ್ ಕೈ ಚಾಚಿ ಹಿಂದಕ್ಕೆ ತಗೋತಾನೆ. ಇಲ್ಲಿ ನಾನು ಓದೋದು ನಿಲ್ಲಿಸಿ ಎದ್ದು ಓಡಾಡಿದೆ, ಸುಳ್ಳಲ್ಲ. ಆಮೇಲೆ ಏನ್ ಮಾಡಿದ್ರಿ ನೀವು? ಕಂಪನಿ ಪರಿಸ್ಥಿತಿ ಹಾಗಿತ್ತು, ಬೇರೆ ದಾರಿ ಇರ್ಲಿಲ್ಲ ಅಂತ ಒಂದೂವರೆ ಪುಟ ಸಮಜಾಯಿಷಿ. ಯಾರ್ ಕೇಳಿದ್ರು ಮಾರಾಯ್ರೇ? ಇಷ್ಟು ವರ್ಷ ನೀವು ಬರೆದಿದ್ದೆಲ್ಲ, ಮೇಲ್ ಆಗ್ಲಿ ರಿಪೋರ್ಟ್ ಆಗ್ಲಿ ಮೀಟಿಂಗ್ ಮಿನಿಟ್ಸ್ ಆಗ್ಲಿ, ನಾಳೆ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರ್ದು ಅಂತಾನೇ ಬರೆದಿದ್ದು. ಆ ಅಭ್ಯಾಸ ಕಥೆಗೂ ಬಂದು ಕೂತಿದೆ. ಕಥೇಲಿ ಸಿಕ್ಕಿಬೀಳ್ಬೇಕು ರೀ. ಅವತ್ತು ಮಧ್ಯಾಹ್ನ ಮ್ಯಾನೇಜರ್ ಹೊಟ್ಟೆ ತುಂಬ ಊಟ ಮಾಡಿದ್ನಾ? ಮಾಡಿದ್ರೆ ಅದನ್ನ ಬರೀರಿ. ಲಿಸ್ಟಲ್ಲಿ ಇನ್ನೊಬ್ಬನ ಹೆಸರು ಹಾಕಬಹುದಿತ್ತಾ? ನಿಮಗೆ ಗೊತ್ತು, ಆದ್ರೆ ಪುಟದಲ್ಲಿ ಬಂದಿಲ್ಲ.

ಹೊಗಳೋರ ಬಗ್ಗೆನೂ ಒಂದ್ಮಾತು. ನನ್ನ ಮೊದಲ ಪುಸ್ತಕ ಬಿಡುಗಡೆಗೆ ಬಂದ ಹಿರಿಯರೊಬ್ಬರು 'ಇಂಥ ಜವಾಬ್ದಾರಿ ಹುದ್ದೇಲಿದ್ದೂ ಬರೆದಿದ್ದಾರಲ್ಲ' ಅಂತ ಉದ್ದಕ್ಕೂ ಅದನ್ನೇ ಹೇಳಿ ಕೂತ್ರು, ಒಂದೇ ಒಂದು ಪಾತ್ರದ ಹೆಸರು ಬಾಯಿಗೆ ಬರ್ಲಿಲ್ಲ, ಪುಸ್ತಕ ಬಿಚ್ಚಿದ್ರೆ ತಾನೇ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸ್ಕೊಳ್ಳೋ ಆಸೇನೂ ಇಲ್ಲ. ನೀವು ನೋಡಿದ್ರೆ ಟೀಮಿನವರು 'ಸೂಪರ್ ಸರ್' ಅಂದ್ರು ಅಂತ ಕಾಗದದಲ್ಲಿ ಎರಡು ಸಲ ಬರೆದಿದ್ದೀರಿ. ಅವರ ಇನ್‌ಕ್ರಿಮೆಂಟ್ ನಿಮ್ಮ ಕೈಲಿದೆ, ಇನ್ನೇನ್ ಅಂತಾರೆ ಪಾಪ.

ಬೇಜಾರಾಯ್ತಾ? ಆಗ್ಲಿ. ಆ ಕೈ ಹಿಂದಕ್ಕೆ ತಗೊಂಡಿದ್ದನ್ನ ನೋಡಿದ ಕಣ್ಣು ನಿಮ್ಮದು, ಅದಕ್ಕೇ ಇಷ್ಟು ಬೈತಿರೋದು. ಒಂದೂವರೆ ಪುಟ ಕಿತ್ತಾಕಿ, ಮತ್ತೆ ಕಳ್ಸಿ. ಕೆಲಸ ಕಳ್ಕೊಂಡವನಿಗೆ ಈ ಸಲ ಒಂದು ಹೆಸರಿಡಿ, ಈಗ ಮ್ಯಾನೇಜರ್‌ಗೆ ಮಾತ್ರ ಹೆಸರಿದೆ. ಕಾಗದದ ಕೊನೇಲಿ ನಿಮ್ಮ ಸಹಿ ಕೆಳಗೆ ಡೆಸಿಗ್ನೇಷನ್ ಹಾಕ್ಬೇಡಿ.

ನಿಮ್ಮವ