ಹೆಲ್ಮೆಟ್ಟಿನೊಳಗೆ ನೀರು

ಪ್ರೀತಿಯ ಪುಟ್ಟಿ,

ನಿನ್ನ ಕಥೆಯನ್ನು ನಿನ್ನೆ ರಾತ್ರಿಯೇ ಓದಿ ಮುಗಿಸಿದೆ. ಫೋನಿನಲ್ಲಿ ಓದಿದರೆ ಕಣ್ಣು ಉರಿಯುತ್ತೆ ಅಂತ ನಿಮ್ಮ ದೊಡ್ಡಪ್ಪನಿಗೆ ಹೇಳಿ ಪ್ರಿಂಟ್ ತೆಗೆಸಿಕೊಂಡೆ. ತಾರಾ ತುಂಬಾ ಇಷ್ಟವಾದಳು. ಹದಿನಾರು ವರ್ಷದ ಹುಡುಗಿ, ಬಾಹ್ಯಾಕಾಶ ನೌಕೆಯಲ್ಲೇ ಹುಟ್ಟಿದವಳು, ಮಳೆ ಅಂದರೇನು ಅಂತಲೇ ಗೊತ್ತಿಲ್ಲ. ಆದರೆ ಮೂರನೇ ಪುಟದಲ್ಲೇ ಆ ಎಂಟು ಕೈಯ ಪ್ರಾಣಿ ಬಾಗಿಲು ಒಡೆದುಕೊಂಡು ಬಂತಲ್ಲ, ಅಲ್ಲಿಗೆ ನನ್ನ ಹೆದರಿಕೆ ಹೋಗಿಬಿಟ್ಟಿತು. ಕಣ್ಣಿಗೆ ಕಂಡ ಮೇಲೆ ಓಡಬೇಕು, ಇಲ್ಲ ಹೊಡೆಯಬೇಕು, ಅಷ್ಟೇ ಅಲ್ವಾ?

ನಿಜವಾಗಿ ನಡೆದದ್ದೊಂದು ಹೇಳ್ತೀನಿ ಕೇಳು. 2013ರ ಜುಲೈ 9. ಇಟಲಿಯ ಗಗನಯಾತ್ರಿ ಲೂಕಾ ಪರ್ಮಿಟಾನೊ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮುಗಿಸಿ ಬಂದಾಗ ಹೆಲ್ಮೆಟ್ಟಿನೊಳಗೆ ನೀರಿತ್ತು. ಕುಡಿಯೋ ನೀರಿನ ಚೀಲ ಸೋರಿರಬೇಕು ಅಂತ ಎಲ್ಲರೂ ಸುಮ್ಮನಾದರು. ಒಂದು ವಾರ ಬಿಟ್ಟು, 16ನೇ ತಾರೀಖು, ಅದೇ ಉಡುಪು ಹಾಕಿಕೊಂಡು ಮತ್ತೆ ಹೊರಗೆ ಹೋದರು. ಮುಕ್ಕಾಲು ಗಂಟೆಯೊಳಗೆ ತಲೆಯ ಹಿಂದೆ ಒದ್ದೆ ತಾಗಿತು. ಅಲ್ಲಿ ನೀರು ತೊಟ್ಟಿಕ್ಕುವುದಿಲ್ಲ ನೋಡು, ಚರ್ಮಕ್ಕೆ ಅಂಟಿಕೊಂಡು ತೆವಳುತ್ತದೆ. ಕಿವಿಗೆ ಬಂತು, ಕಣ್ಣಿಗೆ ಬಂತು, ಮೂಗು ಮುಚ್ಚಿತು. ಒರೆಸಿಕೊಳ್ಳೋಣ ಅಂದರೆ ಮುಖಕ್ಕೂ ಕೈಗೂ ನಡುವೆ ಹೆಲ್ಮೆಟ್. ಅಷ್ಟರಲ್ಲಿ ಸೂರ್ಯನೂ ಮುಳುಗಿ ಕತ್ತಲು. ಉಡುಪಿಗೆ ಕಟ್ಟಿದ್ದ ಕೇಬಲ್ ಯಾವ ಕಡೆ ಎಳೆಯುತ್ತದೋ ಆ ಕಡೆಗೇ ತಡವರಿಸಿಕೊಂಡು ಹೋಗಿ ಬಾಗಿಲು ಸೇರಿದರು. ಸದ್ಯ, ಬದುಕಿದರು. ಒಟ್ಟು ಒಂದೂವರೆ ಲೀಟರ್‌ನಷ್ಟು ನೀರು ಸೋರಿತ್ತು. ಚೀಲಕ್ಕೆ ಏನೂ ಆಗಿರಲಿಲ್ಲ. ಉಡುಪಿನೊಳಗೆ ಗಾಳಿಯಿಂದ ನೀರನ್ನು ಬೇರೆ ಮಾಡುವ ಸಾಧನದ ತೂತುಗಳು ಕಟ್ಟಿಕೊಂಡಿದ್ದವು.

ನನ್ನನ್ನು ಜಾಸ್ತಿ ಹೆದರಿಸುವುದು ನಡುವಿನ ಆ ಒಂದು ವಾರ. ಉಡುಪು ಅಲ್ಲೇ ಇದೆ. ಊಟ, ನಿದ್ದೆ, ಕೆಲಸ ಎಲ್ಲ ನಡೆಯುತ್ತಿದೆ. ಕಾರಣ ಗೊತ್ತಾಯ್ತು ಅಂತ ಎಲ್ಲರಿಗೂ ನೆಮ್ಮದಿ.

ನಿನ್ನ ತಾರಾಳನ್ನು ಅಂಥ ಒಂದು ವಾರದೊಳಗೆ ಇಡು. ನೌಕೆಯಲ್ಲಿ ಫ್ಯಾನುಗಳ ಸದ್ದು ಯಾವತ್ತೂ ನಿಲ್ಲಬಾರದು, ಗೊತ್ತಾ? ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲಕ್ಕೇರುವುದಿಲ್ಲ, ಹಾಗಾಗಿ ಫ್ಯಾನ್ ನಿಂತರೆ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ಉಳಿದುಬಿಡುತ್ತದೆ. ಒಂದು ರಾತ್ರಿ ಅವಳಿಗೆ ಎಚ್ಚರವಾಗಲಿ, ಯಾಕೆ ಅಂತ ತಿಳಿಯದಿರಲಿ, ಆಮೇಲೆ ನಿಧಾನಕ್ಕೆ ಹೊಳೆಯಲಿ: ಅವಳ ತಮ್ಮ ಮಲಗಿರುವ ಕಡೆಯಿಂದ ಫ್ಯಾನಿನ ಸದ್ದೇ ಇಲ್ಲ. ತೇಲಿಕೊಂಡು ಹೋಗಿ ದೊಡ್ಡವರನ್ನು ಎಬ್ಬಿಸುತ್ತಾಳೆ. ಅವರು, "ಏನೂ ಇಲ್ಲ, ಹೋಗಿ ಮಲಗು" ಅನ್ನುತ್ತಾರೆ.

ಈ ಮಾತು ನಿನಗೆ ಹೊಸದಲ್ಲ. ನೀನು ಆರು ವರ್ಷದವಳಿದ್ದಾಗ, ರಜೆಗೆ ನಮ್ಮನೆಗೆ ಬಂದಿದ್ದೆ. "ದೊಡ್ಡಮ್ಮ, ಕೆಟ್ಟ ವಾಸನೆ" ಅಂತ ಎರಡು ಸಲ ಬಂದು ಹೇಳಿದೆ. ನಾನು ತಿರುಗಿಯೂ ನೋಡದೆ ಇದೇ ಮಾತು ಹೇಳಿದೆ. ನೀನು ಮಲಗಲಿಲ್ಲ. ಫ್ರಾಕಿನ ತುದಿಯಿಂದ ಮೂಗು ಮುಚ್ಚಿಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಎದ್ದು ಬಂದು ನೋಡಿದರೆ ಸಿಲಿಂಡರಿನ ಪೈಪು ಬಿರುಕು ಬಿಟ್ಟಿತ್ತು. ಇವತ್ತಿಗೂ ನೆನಪಾದರೆ ಕೈ ನಡುಗುತ್ತದೆ. ನಿನ್ನ ಹತ್ತಿರ ಆವತ್ತು ತಪ್ಪಾಯ್ತು ಅಂತ ಹೇಳಲಿಲ್ಲ, ಈಗ ಹೇಳ್ತಿದ್ದೀನಿ. ಬಾಗಿಲಲ್ಲಿ ನಿಂತಿದ್ದ ಆ ಮಗುವಿಗೆ ಎಷ್ಟು ಭಯವಾಗಿತ್ತು ಅಂತ ನಿನಗೇ ಗೊತ್ತು, ಅದನ್ನು ಬರಿ.

ಇನ್ನೊಂದು ಸಣ್ಣದು. ಹೊರಗಿನ ಕಿರುಚಾಟ ಒಳಗೆ ಕೇಳಿಸಿತು ಅಂತ ಬರೆದಿದ್ದೀಯ. ಹೊರಗೆ ಗಾಳಿಯೇ ಇಲ್ಲ, ಕೇಳಿಸುವುದಿಲ್ಲ, ತೆಗೆದುಬಿಡು. ಕಿಟಕಿಯಾಚೆ ಬಾಯಿ ಮಾತ್ರ ತೆರೆದುಕೊಳ್ಳಲಿ.

ಪ್ರಾಣಿಯನ್ನು ಪೂರ್ತಿ ಬಿಡಬೇಕಿಲ್ಲ, ಕೊನೆಗೆ ಬರಲಿ. ದಸರಾ ರಜೆಗೆ ಬರುವಾಗ ತಿದ್ದಿದ್ದು ತಗೊಂಡು ಬಾ, ಈ ಸಲ ನೀನೇ ಓದಿ ಹೇಳಬೇಕು.

ನಿನ್ನ
ದೊಡ್ಡಮ್ಮ