ಎರಡನೇ ಗೆರೆ, ಎರಡನೇ ಸಲ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಉಭಯ ಕುಶಲೋಪರಿ ಎಂದು ಶುರುಮಾಡೋಣವೆಂದರೆ ನಿನ್ನ ಕಡೆ ಕುಶಲವಿಲ್ಲ. ಕೋವಿಡ್ ಪರೀಕ್ಷೆಯ ಪಟ್ಟಿಯ ಫೋಟೋ ನೋಡಿದೆ. ಎರಡನೇ ಗೆರೆ ಎಷ್ಟೇ ತೆಳುವಾಗಿದ್ದರೂ ಗೆರೆಯೇ. ಕಿಟ್ಟಿನ ಚೀಟಿಯಲ್ಲಿ ಹೇಳಿದ ನಿಮಿಷಗಳ ಒಳಗೆ ಮೂಡಿದ್ದರೆ ಸೋಂಕಿದೆ ಎಂದೇ ಲೆಕ್ಕ. ಅರ್ಧ ದಿನ ಬಿಟ್ಟು ಕಸದ ಬುಟ್ಟಿಯಿಂದ ಎತ್ತಿ ನೋಡಿದಾಗ ಕಂಡ ಗೆರೆಗೆ ಮಾತ್ರ ಬೆಲೆಯಿಲ್ಲ, ಪಟ್ಟಿ ಒಣಗುವಾಗ ಹಾಗೆ ಮೂಡುವುದುಂಟು.

"ಏಳು ತಿಂಗಳ ಹಿಂದೆ ಬಂದು ಹೋಗಿತ್ತು, ಲಸಿಕೆಯೂ ಆಗಿತ್ತು, ಆದರೂ ಬಂತಲ್ಲ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?" ಎಂದು ಕೇಳಿದ್ದೀಯ. ಇಲ್ಲ ಕಣೇ, ಹಾಗಾಗಿಲ್ಲ. ಯಾಕೆ ಎಂಬುದಕ್ಕೆ ಸ್ವಲ್ಪ ಒಳಗಿಳಿಯಬೇಕು, ತಾಳ್ಮೆಯಿಂದ ಓದು.

ಸೋಂಕು ತಗಲದಂತೆ ತಡೆಯುವುದು ಒಂದು, ತಗಲಿದ ಮೇಲೆ ಕಾಯಿಲೆ ವಿಕೋಪಕ್ಕೆ ಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನ್ನೂ ನಾವು ರೋಗನಿರೋಧಕ ಶಕ್ತಿ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ, ಗೊಂದಲ ಹುಟ್ಟುವುದು ಅಲ್ಲೇ.

ವೈರಸ್ಸು ತನ್ನ ಮೈಮೇಲಿನ ಸ್ಪೈಕ್ ಪ್ರೊಟೀನಿನಿಂದ ನಮ್ಮ ಜೀವಕೋಶದ ಎಸಿಇ-2 ಎಂಬ ಕೊಂಡಿಯನ್ನು ಹಿಡಿದು ಒಳಗೆ ನುಗ್ಗುತ್ತದೆ. ಅದು ಹಿಡಿಯುವ ಮೊದಲೇ ಸ್ಪೈಕಿಗೆ ಹೋಗಿ ಅಂಟಿಕೊಳ್ಳುವುದು ಪ್ರತಿಕಾಯದ (ಆ್ಯಂಟಿಬಾಡಿ) ಕೆಲಸ. ಈ ಜಟಾಪಟಿ ನಡೆಯುವುದು ಮೂಗು, ಗಂಟಲಿನ ಒಳಪದರದಲ್ಲಿ, ಅಲ್ಲಿ ಕಾವಲಿಗೆ ಬೇಕಾದದ್ದು ಐಜಿಎ ಎಂಬ ಬಗೆಯ ಪ್ರತಿಕಾಯ. ತೋಳಿಗೆ ಚುಚ್ಚಿಸಿಕೊಂಡ ಲಸಿಕೆ ರಕ್ತದಲ್ಲಿ ಐಜಿಜಿ ಎಂಬ ಬಗೆಯನ್ನು ಧಾರಾಳವಾಗಿ ತುಂಬುತ್ತದೆ, ಮೂಗಿನ ಬಾಗಿಲಿಗೆ ಅಷ್ಟಾಗಿ ಕಾವಲು ಕಳಿಸುವುದಿಲ್ಲ. ಆ ಐಜಿಜಿಗೂ ಆಯಸ್ಸು ಕಡಿಮೆ: ಇದ್ದದ್ದು ಸುಮಾರು 21 ದಿನಕ್ಕೆ ಅರ್ಧವಾಗುತ್ತದೆ, ಮೈ ಹೊಸದನ್ನು ತಯಾರಿಸುತ್ತಲೇ ಇರಬೇಕು. ಸೋಂಕಿನ ಹೊಸತರಲ್ಲಿ ತಯಾರಿಕೆಗೆ ನಿಂತ ಕೋಶಗಳಲ್ಲಿ ಹೆಚ್ಚಿನವು ಬೇಗ ಸತ್ತುಹೋಗುತ್ತವೆ. ಅಸ್ಥಿಮಜ್ಜೆಗೆ ಹೋಗಿ ನೆಲೆಯೂರಿದ ಕೆಲವು ಮಾತ್ರ ವರ್ಷಗಟ್ಟಲೆ ದುಡಿಯುತ್ತವೆ. ಹಾಗಾಗಿ ಪ್ರತಿಕಾಯದ ಮಟ್ಟ ಮೊದಮೊದಲು ಸರ್ರನೆ ಇಳಿದು ಆಮೇಲೆ ನಿಧಾನವಾಗುತ್ತದೆ. ಇದು ಮೈಯ ಸೋಲಲ್ಲ, ಹೆಚ್ಚಿನ ಸೋಂಕುಗಳಲ್ಲೂ ನಡೆಯುವ ಕ್ರಮ ಇದೇ.

ಹಾಗಾದರೆ ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವಲ್ಲ ಅನ್ನಬಹುದು. ಅಲ್ಲಿ ದಿನದ ಲೆಕ್ಕ ನೋಡು. ದಡಾರದ ವೈರಸ್ಸು ಮೈಗೆ ಸೇರಿ ಲಕ್ಷಣ ತೋರಿಸಲು 10ರಿಂದ 14 ದಿನ ಬೇಕು. ಹಳೆಯ ಸೋಂಕನ್ನು ನೆನಪಿಟ್ಟು ನಿದ್ದೆಯಲ್ಲಿರುವ ನೆನಪಿನ ಕೋಶಗಳು ಎದ್ದು ಸಂಖ್ಯೆ ಹೆಚ್ಚಿಸಿಕೊಂಡು ಕೆಲಸಕ್ಕಿಳಿಯಲು ಕೆಲವು ದಿನ ಸಾಕು, ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಜೊತೆಗೆ ದಡಾರದ ವೈರಸ್ಸು ವೇಷ ಬದಲಿಸುವುದು ಅಷ್ಟಕ್ಕಷ್ಟೆ. ಕೋವಿಡ್ಡಿನ ಓಮಿಕ್ರಾನ್ ಕುಲಕ್ಕೆ ಸುಮಾರು 3 ದಿನ ಸಾಕು. ನೆನಪಿನ ಕೋಶ ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ನಿನಗೆ ಗಂಟಲು ಕೆರೆತ ಶುರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಇಲ್ಲಿ ಕೊಳ್ಳೆ ಹೋದದ್ದು ಮೂಗು-ಗಂಟಲಿನ ಹೊರಪೇಟೆ. ಶ್ವಾಸಕೋಶದ ಬಾಗಿಲು ಹಾಕಲು ಇನ್ನೂ ಹೊತ್ತಿರುತ್ತದೆ, ಹೆಚ್ಚಿನವರಲ್ಲಿ ಹಾಕಿಯೂ ಆಗುತ್ತದೆ.

ಆ ಬಾಗಿಲು ಹಾಕುವುದರಲ್ಲಿ ಟಿ ಕೋಶಗಳ ಪಾಲು ದೊಡ್ಡದು. ಸೋಂಕು ಹೊಕ್ಕ ಕೋಶಗಳನ್ನೇ ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳು ಅವು. ಸ್ಪೈಕ್ ಒಂದನ್ನೇ ನಂಬಿ ಕೂರದೆ ವೈರಸ್ಸಿನ ಬೇರೆ ಬೇರೆ ಪ್ರೊಟೀನುಗಳ ತುಣುಕುಗಳನ್ನೂ ಗುರುತಿಟ್ಟುಕೊಳ್ಳುವುದರಿಂದ, ಸ್ಪೈಕ್ ಬದಲಾಯಿಸಿಕೊಂಡ ಮಾತ್ರಕ್ಕೆ ಅವುಗಳ ಕಣ್ಣು ತಪ್ಪಿಸುವುದು ಕಷ್ಟ. ಕೋವಿಡ್ ವೈರಸ್ಸಿನ ಹತ್ತಿರದ ನೆಂಟ ತಂದ 2003ರ ಸಾರ್ಸ್ ಕಾಯಿಲೆ ಬಂದು ಹೋದವರಲ್ಲಿ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು 17 ವರ್ಷದ ಮೇಲೂ ಸಿಕ್ಕಿವೆ.

ಲೆಕ್ಕದಲ್ಲೂ ಇದೇ ಕಾಣುತ್ತದೆ. 19 ದೇಶಗಳ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 2023ರಲ್ಲಿ ಬಂತು. ಒಮ್ಮೆ ಸೋಂಕಾಗಿ 40 ವಾರ ಕಳೆದವರಿಗೆ, ಓಮಿಕ್ರಾನಿಗಿಂತ ಮೊದಲು ಬಂದ, ಡೆಲ್ಟಾವರೆಗಿನ ತಳಿಗಳ ಮರುಸೋಂಕಿನಿಂದ ಶೇ. 79ರಷ್ಟು ರಕ್ಷಣೆ ಉಳಿದಿತ್ತು. ಓಮಿಕ್ರಾನಿನ ಮೊದಲ ತಳಿ ಬಿಎ.1 ಎದುರು ಅದು ಶೇ. 36ಕ್ಕೆ ಕುಸಿಯಿತು. ಆದರೆ ಅದೇ ಬಿಎ.1 ತಂದೊಡ್ಡುವ ತೀವ್ರ ಕಾಯಿಲೆಯ ಎದುರು ಶೇ. 88ಕ್ಕೂ ಹೆಚ್ಚು ರಕ್ಷಣೆ ಇತ್ತು. ನಿನ್ನ ಪ್ರಶ್ನೆಗೆ ಉತ್ತರ ಈ 36 ಮತ್ತು 88ರ ಅಂತರದಲ್ಲಿದೆ: ಮತ್ತೆ ತಗಲುವುದನ್ನು ತಡೆಯುವುದು ಕಡಿಮೆ, ವಿಕೋಪಕ್ಕೆ ಹೋಗುವುದನ್ನು ತಡೆಯುವುದು ಹೆಚ್ಚು. 2021ರ ನವೆಂಬರಿನಲ್ಲಿ ಕಾಣಿಸಿಕೊಂಡ ಓಮಿಕ್ರಾನ್ ಸ್ಪೈಕಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ ಹೊತ್ತು ಬಂದಿತ್ತು, ಹಳೆಯ ಪ್ರತಿಕಾಯಗಳಿಗೆ ಗುರುತು ಸಿಗಲಿಲ್ಲ. 2023ರ ಕೊನೆಗೆ ಹರಡಿದ, ಓಮಿಕ್ರಾನಿನದೇ ವಂಶದ ಜೆಎನ್.1 ಇನ್ನೊಂದು ಸುತ್ತು ವೇಷ ಬದಲಿಸಿತು.

ಇನ್ನು ನಿನ್ನ ಯಜಮಾನರ ಅನುಮಾನ: ಇದು ಹೊಸ ಸೋಂಕೋ, ಹಳೆಯದೇ ಉಳಿದುಕೊಂಡಿದ್ದೋ? ಆರ್‌ಟಿ-ಪಿಸಿಆರ್ ಎಂಬ ಪ್ರಯೋಗಾಲಯದ ಪರೀಕ್ಷೆ ವೈರಸ್ಸಿನ ಜೀವವನ್ನು ನೋಡುವುದಿಲ್ಲ, ಅದರ ಆರ್‌ಎನ್‌ಎ (ವಂಶವಾಹಿ) ಚೂರುಗಳನ್ನು ನೋಡುತ್ತದೆ. ಗುಣವಾದ ಮೇಲೂ ಆ ಸತ್ತ ಚೂರುಗಳು ಕೆಲವರಲ್ಲಿ 90 ದಿನದವರೆಗೂ ಸಿಗುತ್ತವೆ. ಅದಕ್ಕೇ 90 ದಿನ ದಾಟಿದ ಪಾಸಿಟಿವನ್ನು ಮರುಸೋಂಕು ಎಂದು ಎಣಿಸುವ ರೂಢಿ. 90ರ ಒಳಗೆ ಹೊಸ ಲಕ್ಷಣ ಬಂದರೆ ಪಿಸಿಆರ್ ಬಿಟ್ಟು ನೀನು ಕಿಟ್ಟಿನಲ್ಲಿ ಮಾಡಿದಂಥ ಆ್ಯಂಟಿಜೆನ್ ಪರೀಕ್ಷೆ ಮಾಡುವುದು ಮೇಲು, ಅದು ಹೆಚ್ಚಾಗಿ ಹರಡುವ ಮಟ್ಟದಲ್ಲಿ ವೈರಸ್ಸು ಇದ್ದಾಗಲೇ ಗೆರೆ ತೋರಿಸುತ್ತದೆ. ಖಡಾಖಂಡಿತ ಉತ್ತರ ಬೇಕೆಂದರೆ ಎರಡೂ ಸಲದ ವೈರಸ್ಸಿನ ಜೀನೋಮನ್ನು, ಅಂದರೆ ಪೂರ್ತಿ ವಂಶವಾಹಿ ಬರಹವನ್ನು, ಹೋಲಿಸಬೇಕು. 2020ರ ಆಗಸ್ಟಿನಲ್ಲಿ ಹಾಂಗ್‌ಕಾಂಗಿನ 33 ವರ್ಷದವರೊಬ್ಬರಲ್ಲಿ ಹೀಗೆಯೇ ಮೊದಲ ಮರುಸೋಂಕು ಖಚಿತವಾದದ್ದು. ಎರಡರ ನಡುವೆ 142 ದಿನ, ಎರಡನೇ ಸಲ ಲಕ್ಷಣವೇ ಇರಲಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದ್ದು. ಮನೆಮಂದಿಗೆ ಅಷ್ಟೆಲ್ಲ ಬೇಡ. ನಿನಗೆ ಏಳು ತಿಂಗಳಾಗಿದೆ, ಹೊಸದೇ. ಗುಣವಾಗಿ ಮೂರ್ನಾಲ್ಕು ದಿನಕ್ಕೆ ಮತ್ತೆ ಜ್ವರ, ಮತ್ತೆ ಗೆರೆ ಬಂದರೆ ಮಾತ್ರ ಅದನ್ನು ಮೂರನೇ ಸೋಂಕು ಎಂದು ಎಣಿಸಬೇಡ. ಅದು ಇದೇ ಸೋಂಕಿನ ಮರುಕಳಿಕೆ, ವೈರಸ್ ನಿರೋಧಕ ಮಾತ್ರೆ ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ ಕಾಣುತ್ತದೆ, ಮತ್ತೆ ಹರಡುವುದೂ ಉಂಟು.

ಮನೆಯವರಿಗೆ ನೆಗೆಟಿವ್ ಬಂದಿದೆ ಎಂದು ನಿಶ್ಚಿಂತೆಯಾಗಬೇಡ. ಲಕ್ಷಣವಿದ್ದು ಮೊದಲ ಪರೀಕ್ಷೆ ನೆಗೆಟಿವ್ ಆದರೆ 48 ಗಂಟೆ ಬಿಟ್ಟು ಇನ್ನೊಮ್ಮೆ, ಲಕ್ಷಣವೇ ಇಲ್ಲದಿದ್ದರೆ 48 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಸಲ. ತಪ್ಪುವುದು ಎಲ್ಲೆಂದರೆ, ಕಡ್ಡಿಯನ್ನು ಮೂಗಿನ ಅಂಚಿಗೆ ಮುಟ್ಟಿಸಿ ತೆಗೆಯುತ್ತಾರೆ. ಎರಡೂ ಹೊಳ್ಳೆಯ ಒಳಗೋಡೆಗೆ ಒತ್ತಿ, ಚೀಟಿಯಲ್ಲಿ ಬರೆದಷ್ಟು ಸುತ್ತು ತಿರುಗಿಸಬೇಕು. ಮೂಗಿನ ಸಿಂಬಳ ತೆಗೆದು ಸ್ವಚ್ಛಮಾಡಿಕೊಂಡು ಆಮೇಲೆ ಕಡ್ಡಿ ಹಾಕು. ದ್ರವದಲ್ಲಿ ಅದ್ದಿದ ಮೇಲೆ ಕೊಳವೆಯನ್ನು ಹಿಂಡಿ ಕಡ್ಡಿಯಲ್ಲಿರುವುದನ್ನು ಪೂರ್ತಿ ಇಳಿಸು.

ಪ್ರತಿಕಾಯದ ಮಟ್ಟ ನೋಡಿಸಲೇ ಎಂದು ಕೇಳಿದ್ದಿ. ಬೇಡ, ದುಡ್ಡು ದಂಡ. ಇಷ್ಟಿದ್ದರೆ ಬರುವುದಿಲ್ಲ, ಇಷ್ಟಕ್ಕಿಂತ ಕಡಿಮೆಯಾದರೆ ಬರುತ್ತದೆ ಎಂಬ ಗಡಿಯೇ ನಿಗದಿಯಾಗಿಲ್ಲ. ಪರೀಕ್ಷೆಯಲ್ಲೂ ಎರಡು ಬಗೆ. ಎಸ್ ಎಂದಿದ್ದರೆ ಸ್ಪೈಕಿನ ವಿರುದ್ಧದ್ದು, ಲಸಿಕೆಯಿಂದಲೂ ಬರುತ್ತದೆ, ಸೋಂಕಿನಿಂದಲೂ ಬರುತ್ತದೆ. ಎನ್ ಎಂದಿದ್ದರೆ ವೈರಸ್ಸಿನ ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೊಟೀನಿನ ವಿರುದ್ಧದ್ದು, ಸಾಮಾನ್ಯವಾಗಿ ಸೋಂಕಾದ ಗುರುತು. ಆದರೆ ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ ಹಾಕಿಸಿಕೊಂಡವರಲ್ಲೂ ಅದು ಇರಬಹುದು. ರಕ್ತದಲ್ಲಿ ಎಷ್ಟಿದೆ ಎಂದು ಗೊತ್ತಾದರೂ ಮೂಗಿನಲ್ಲಿ ಎಷ್ಟಿದೆ, ಟಿ ಕೋಶ ಹೇಗಿವೆ ಎಂಬುದು ಆ ಕಾಗದದಲ್ಲಿ ಬರುವುದೇ ಇಲ್ಲ.

ನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಗುಳಿಗೆಗಳ ವಿಚಾರ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕೊರತೆ ಇದ್ದವರಿಗೆ ಕೊರತೆ ತುಂಬಬೇಕು, ಇಲ್ಲದವರು ನುಂಗಿದರೆ ಈ ವೈರಸ್ಸಿನ ಪರಿಚಯವೇನೂ ಮೈಗೆ ಆಗುವುದಿಲ್ಲ. ಸತುವಿನ ಮಾತ್ರೆಯನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ, ಡಿ ವಿಟಮಿನ್ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಮುಂದಿನ ಲಸಿಕೆಯನ್ನು ಗುಣವಾದ ಕೂಡಲೇ ಹಾಕಿಸಿಕೊಂಡರೂ ಅಪಾಯವೇನಿಲ್ಲ, ಆದರೆ ಲಾಭ ಕಡಿಮೆ. ಮೈಯಲ್ಲಿ ಪ್ರತಿಕಾಯ ತುಂಬಿತುಳುಕುವಾಗ ಅವೇ ಲಸಿಕೆಯ ಅಂಶವನ್ನು ಹಿಡಿದುಹಾಕಿಬಿಡುತ್ತವೆ. ಪ್ರತಿಕಾಯ ಹುಟ್ಟಿಸುವ ನೆನಪಿನ ಬಿ ಕೋಶಗಳು ಪಳಗಲಿಕ್ಕೂ ತಿಂಗಳುಗಳು ಬೇಕು. ಸುಮಾರು ಮೂರು ತಿಂಗಳು ಬಿಟ್ಟು ಹಾಕಿಸಿಕೋ. ಆಗ ಈಗಿನ ತಳಿಗೆ ಹೊಂದಿಸಿದ ಲಸಿಕೆ ಇದೆಯೇ ಎಂದು ವಿಚಾರಿಸು. "ಹೇಗೂ ಬರುವುದೇ, ಬೇಕೆಂದೇ ಬರಿಸಿಕೊಂಡರೆ ಬಲ ಬರುತ್ತದಲ್ಲ" ಎಂಬ ಮಾತು ಯಾರಾದರೂ ಆಡಿದರೆ ಕಿವಿಗೆ ಹಾಕಿಕೊಳ್ಳಬೇಡ. ಮರುಸೋಂಕು ಸಾಮಾನ್ಯವಾಗಿ ಸೌಮ್ಯವೇ ಇರುತ್ತದೆ, ಎಲ್ಲರಿಗೂ ಅಲ್ಲ. ಪ್ರತಿ ಸೋಂಕಿನ ಬೆನ್ನಿಗೂ ಲಾಂಗ್ ಕೋವಿಡ್ಡಿನ (ಸೋಂಕು ಹೋದರೂ ತಿಂಗಳುಗಟ್ಟಲೆ ಬಿಡದ ತೊಂದರೆ) ಸಾಧ್ಯತೆ ಇದ್ದೇ ಇದೆ. ಸೋಂಕಾಗಿ ಮೂರು ತಿಂಗಳಾದರೂ ಸುಸ್ತು, ಏದುಸಿರು, ತಲೆ ಮಂಕು ಬಿಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ನನಗೆ ನಿನಗಿಂತ ನಿಮ್ಮತ್ತೆಯವರದೇ ಯೋಚನೆ. ಸಂಧಿವಾತಕ್ಕೆ ಅವರು ಹಾಕಿಸಿಕೊಳ್ಳುವ ರಿಟುಕ್ಸಿಮ್ಯಾಬ್ ಎಂಬ ಔಷಧಿ, ಪ್ರತಿಕಾಯ ಹುಟ್ಟಿಸುವ ಬಿ ಕೋಶಗಳನ್ನೇ ಅಳಿಸಿಹಾಕುತ್ತದೆ, ತಿಂಗಳುಗಟ್ಟಲೆ ಅವು ಮರಳುವುದಿಲ್ಲ. ಲಸಿಕೆ ಹಾಕಿಸಿದರೂ ಪ್ರತಿಕಾಯ ಏಳುವುದು ಕಷ್ಟ, ಟಿ ಕೋಶಗಳಿಗೆ ಮಾತ್ರ ಒಂದಿಷ್ಟು ಪಾಠವಾಗುತ್ತದೆ. ಆ ಔಷಧಿಯ ಮುಂದಿನ ಡೋಸು ಯಾವಾಗ, ಲಸಿಕೆ ಯಾವಾಗ ಎಂಬುದನ್ನು ವೈದ್ಯರೇ ಹೊಂದಿಸಲಿ. ಹೆದರಿ ಔಷಧಿ ನಿಲ್ಲಿಸಬೇಡಿ. 90 ದಿನದ ಲೆಕ್ಕವೂ ಅವರಿಗೆ ಒಪ್ಪುವುದಿಲ್ಲ, ಇಂಥವರಲ್ಲಿ ಜೀವಂತ ವೈರಸ್ಸೇ ವಾರಗಟ್ಟಲೆ ಉಳಿಯಬಹುದು. ಅವರಿಗೆ ಗಂಟಲು ಕೆರೆದ ದಿನವೇ ಪರೀಕ್ಷೆ ಮಾಡು. ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಎಂಬ ವೈರಸ್ ನಿರೋಧಕ ಮಾತ್ರೆ ಲಕ್ಷಣ ಶುರುವಾದ 5 ದಿನದ ಒಳಗೇ ಆರಂಭಿಸಬೇಕು. ಅದರಲ್ಲಿನ ರಿಟೊನಾವಿರ್ ಕೊಲೆಸ್ಟ್ರಾಲಿನ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ, ಹೃದಯ ಬಡಿತದ ಕೆಲವು ಔಷಧಿಗಳ ಜೊತೆ ಸೇರಿದರೆ ತೊಂದರೆ ತರುತ್ತದೆ.

ನೀನು ಬೇರೆ ಕೋಣೆಯಲ್ಲಿರು. ಲಕ್ಷಣ ಕಾಣುವ ಒಂದೆರಡು ದಿನ ಮೊದಲಿಂದ ಸುಮಾರು 10 ದಿನದವರೆಗೂ ಹರಡಬಹುದು, ಮೊದಲ ಐದು ದಿನ ಜಾಸ್ತಿ. ಹೊರಬರುವಾಗ ಎನ್-95 ಮಾಸ್ಕ್ ಹಾಕಿ ಮೂಗಿನ ತಂತಿ ಒತ್ತಿಕೋ, ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೇಲಿಂದ ಗಾಳಿ ಸೋರುತ್ತಿದೆ ಎಂದರ್ಥ. ಕಿಟಕಿ ತೆಗೆದಿಡು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರು, ಉಗುರುಬಣ್ಣ ಅಳಿಸು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೋ. ಮೈಬಣ್ಣ ಗಾಢವಾಗಿದ್ದವರಿಗೆ ಈ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು, ಹಾಗಾಗಿ ದಿನದಿನಕ್ಕೆ ಇಳಿಯುತ್ತಿದೆಯೇ ಎಂಬುದನ್ನು ಗಮನಿಸು. 94ಕ್ಕಿಂತ ಕೆಳಗೆ ನಿಂತರೆ ವೈದ್ಯರಿಗೆ ಫೋನು, 90ಕ್ಕಿಂತ ಇಳಿದರೆ ನೇರ ಆಸ್ಪತ್ರೆ.

ಕ್ಯಾಲೆಂಡರಿನಲ್ಲಿ ಲಕ್ಷಣ ಶುರುವಾದ ದಿನಕ್ಕೆ ಒಂದು ಗುರುತು ಹಾಕು, ಅಲ್ಲಿಂದ 90ನೇ ದಿನಕ್ಕೆ ಇನ್ನೊಂದು. ನಿಮ್ಮತ್ತೆಯವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಒಂದು ಹಾಳೆಯಲ್ಲಿ ಇವತ್ತೇ ಬರೆದಿಡು, ಒಂದು ಪ್ರತಿ ನನಗೂ ಕಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ